ನಾನು ಆಯಿಯ ಅತ್ತೆಯಾಗಿದ್ದ ಕಾಲ

ನಮ್ಮ ಕಡೆ ದೊಡ್ಡವರು ಮಕ್ಕಳಿಗೆ ‘ರಿ’ ಹಚ್ಚಿ ಮಾತಾಡುವುದಿಲ್ಲ. ನನಗೊಬ್ಬಳಿಗೆ ಆ ಮರ್ಯಾದೆ ಸಿಕ್ಕಿತ್ತು. ನನ್ನ ಅಪ್ಪನ ತಾಯಿ, ನಮ್ಮ ಆಯಿ, ದಿನಾ ಬೆಳಗ್ಗೆ ನನ್ನ ಹಾಸಿಗೆಯ ಹತ್ತಿರ ಬಂದು ತಲೆಯ ಮೇಲೆ ಸೆರಗು ಎಳೆದುಕೊಳ್ಳುತ್ತಿದ್ದಳು. ಸೊಸೆಯಾದವಳು ಅತ್ತೆಯ ಮುಂದೆ ಹೇಗೆ ನಿಲ್ಲಬೇಕೋ ಹಾಗೆ ಒಂದು ಬದಿಗೆ ಸರಿದು ನಿಂತು, ಮೆಲ್ಲಗೆ ಎಬ್ಬಿಸುತ್ತಿದ್ದಳು.

“ಅತ್ತಿ, ಏಳ್ರಿ. ಬೆಳಗಾಗ್ಯಾದ.”

ನಾನು ಮಗ್ಗುಲು ಹೊರಳಿದರೆ ಎರಡನೇ ಸಲ ಕರೆಯುತ್ತಿರಲಿಲ್ಲ. ಕಾಲಿನ ಹೆಬ್ಬೆರಳು ಹಿಡಿದು ತಿರುವುತ್ತಿದ್ದಳು. ನಾನು ಚೀರಿಕೊಂಡು ಎದ್ದು ಕೂತರೆ, “ನೀವೂ ನನಗ ಹಿಂಗೇ ಎಬ್ಬಸ್ತಿದ್ರಿ, ನೆನಪದ ಇಲ್ಲೋ?” ಎಂದು ಕೇಳಿ, ಹಾಸಿಗೆ ಮಡಿಸಲು ಹೋಗುತ್ತಿದ್ದಳು. ನನಗೆ ಆಗ ಐದೋ ಆರೋ ವರ್ಷ. ನನ್ನ ಹೆಸರು ಚಂದ್ರಕಲಾ. ಆ ಹೆಸರು ಆಯಿಯ ಬಾಯಿಂದ ಒಂದು ಸಲವಾದರೂ ಬರಲಿ ಎಂಬುದನ್ನು ಬಿಟ್ಟು ಬೇರೆ ಯಾವ ಆಸೆಯೂ ಆ ವಯಸ್ಸಿನಲ್ಲಿ ನನಗಿದ್ದಂತೆ ನೆನಪಿಲ್ಲ. ನನ್ನ ತಂಗಿಗೆ ಇದನ್ನೆಲ್ಲ ಹೇಳಿದರೆ ನಗುತ್ತಾಳೆ. “ಅಕ್ಕಾ, ನಮ್ಮ ಮನಿ ಅಂಥಾದ್ದಲ್ಲ ಬಿಡ” ಎನ್ನುತ್ತಾಳೆ. ಅವಳು ಹುಟ್ಟುವ ಹೊತ್ತಿಗೆ ಮನೆ ಅಂಥದಾಗಿ ಉಳಿದಿರಲಿಲ್ಲ, ಪುಣ್ಯವಂತೆ.

ಭಾಲ್ಕಿಯ ಕೋಟೆಗೋಡೆಯ ಹಿಂದಿನ ಓಣಿಯಲ್ಲಿ ನಮ್ಮ ಮನೆ. ತಲೆಬಾಗಿಲು ದಾಟಿದರೆ ಪಡಸಾಲೆ, ಪಡಸಾಲೆಯ ಮೂಲೆಯಲ್ಲಿ ಬೀಸುವ ಕಲ್ಲು, ಅದರಾಚೆ ಹಗಲಲ್ಲೂ ಕತ್ತಲೆಯಿರುವ ಅಡುಗೆಮನೆ. ಅಡುಗೆಮನೆಯ ಮಾಳಿಗೆಗೆ ಒಂದೇ ಬೆಳಕಿಂಡಿ. ಅದರಿಂದ ಇಳಿಯುವ ಬಿಸಿಲು ಬೀಳುವ ಜಾಗದಲ್ಲಿ ಒಂದು ಹಳೆಯ ಮಣೆ. ಅದು ಮುತ್ತವ್ವನ ಮಣೆ. ಮುತ್ತವ್ವ ಅಂದರೆ ಆಯಿಯ ಅತ್ತೆ. ಆ ಮಣೆಯ ಮೇಲೆ ಕೂತು ಆಕೆ ಸೊಸೆಗೆ ಕೊಟ್ಟ ಸಂಕಟ ಒಂದೆರಡಲ್ಲ. ಎಲ್ಲರ ಊಟ ಮುಗಿದ ಮೇಲೆ ನಿನ್ನೆಯ ರೊಟ್ಟಿ, ಅದೂ ಪಲ್ಯವಿಲ್ಲದೆ. ಹಬ್ಬದ ದಿನ ಹೋಳಿಗೆ ಬೇಯಿಸುವವಳು ಸೊಸೆ, ಹೊಸ್ತಿಲ ಹೊರಗೆ ಕೂತು ಅಂಬಲಿ ಕುಡಿಯುವವಳೂ ಸೊಸೆ. ಮಾತು ತಪ್ಪಿದರೆ ಕಾಯಿಸಿದ ಸೌಟು. ಆಯಿಯ ಮೊಣಕೈ ಒಳಬದಿಗೆ ಹುಣಸೆಬೀಜದಷ್ಟು ಅಗಲದ ಒಂದು ಬೊಕ್ಕೆಯ ಕಲೆಯಿತ್ತು. ಮುತ್ತವ್ವ ಎಡಚಿ. ಹೊಡೆಯುತ್ತಿದ್ದದ್ದೂ ಎಡಗೈಯಿಂದ, ಸುಟ್ಟದ್ದೂ ಎಡಗೈಯಿಂದ.

ಇವೆಲ್ಲವನ್ನೂ ಆಯಿ ಒಂದು ಉಸಿರಿನಲ್ಲಿ ಹೇಳಿ ಮುಗಿಸುತ್ತಿದ್ದಳು. ಆದರೆ ಒಂದು ಸಂಗತಿಗೆ ಬಂದಾಗ ಮಾತ್ರ ಅವಳ ದನಿ ನಿಲ್ಲುತ್ತಿತ್ತು. ಅವಳ ತವರು ಔರಾದ. ಅಲ್ಲಿ ಅವಳ ತಾಯಿ ತೀರಿಕೊಂಡ ಸುದ್ದಿ ಬಂದಾಗ ಮುತ್ತವ್ವ ಗಾಡಿ ಕಟ್ಟಿಸಲಿಲ್ಲ. ಮಣೆಯ ಮೇಲೆ ಕೂತಲ್ಲಿಂದಲೇ, “ನಾವು ಲಿಂಗವಂತರು. ಸತ್ತವರು ಲಿಂಗದಾಗ ಐಕ್ಯ ಆದ್ರು, ಬಯಲಾದ್ರು. ಅಲ್ಲಿ ಹೋಗಿ ಯಾರ ಮುಖ ನೋಡ್ತಿ? ರೊಟ್ಟಿ ಬಡಿ” ಎಂದಳಂತೆ. ಆಯಿ ರೊಟ್ಟಿ ಬಡಿದಳು. ಅಂದಿನಿಂದ ಬಯಲು ಎಂಬ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೋಗಿ, ಭಸ್ಮ ಹಚ್ಚಿ, “ಐಕ್ಯ ಆದ್ರು, ಅಳಬ್ಯಾಡ್ರಿ” ಎಂದು ಎಲ್ಲರಂತೆಯೇ ಹೇಳಿ ಬರುತ್ತಿದ್ದಳು. ಮನೆಗೆ ಬಂದು ಬಾಯಿ ಮುಕ್ಕಳಿಸುತ್ತಿದ್ದಳು.

ಕಡೆಗೆ ಮುತ್ತವ್ವನೂ ಸತ್ತಳು. ಸುಖವಾಗಿ, ನಿದ್ದೆಯಲ್ಲಿ. ಕೈಯಲ್ಲಿ ಲಿಂಗ ಇಟ್ಟು, ಹಣೆತುಂಬ ವಿಭೂತಿ ಬಳಿದು, ಕುಳಿತ ಭಂಗಿಯಲ್ಲೇ ಮಣ್ಣು ಕೊಟ್ಟು ಬಂದರು. ಮಠದ ಅಯ್ಯನವರು ಆಕೆ ಲಿಂಗೈಕ್ಯಳಾದಳೆಂದು ಹೇಳಿ, ಪಾದೋದಕ ಕೊಟ್ಟು ಹೋದರು. ಅಲ್ಲಿಗೆ ಎಲ್ಲ ಮುಗಿಯಬೇಕು. ಆಯಿಗೆ ಅದು ಮುಗಿದದ್ದನ್ನೇ ತಡೆದುಕೊಳ್ಳಲಾಗಲಿಲ್ಲ. ಅಷ್ಟು ವರ್ಷ ಅರೆದು ತಿಂದವಳು ಒಂದು ಮಾತಿಗೂ ಉತ್ತರ ಕೊಡದೆ ಬಯಲಾಗಿಬಿಡುವುದೆಂದರೇನು? ಅಂದು ಸಂಜೆ ಆಯಿ, ನಮ್ಮವರು ಯಾರೂ ಮಾಡದ ಕೆಲಸವೊಂದನ್ನು ಮಾಡಿದಳು. ಓಣಿಯ ಮರಾಠಿ ಮನೆಗಳಲ್ಲಿ ನೋಡಿದ್ದ ಪದ್ಧತಿ ಅದು. ಪ್ರಾಣ ಹೋದ ಜಾಗದಲ್ಲಿ ನೆಲಕ್ಕೆ ಜೋಳದ ಹಿಟ್ಟು ಜರಡಿ ಹಿಡಿದು ತೆಳ್ಳಗೆ ಹರವಿ, ಪಕ್ಕದಲ್ಲಿ ದೀಪ ಇಟ್ಟು, ಮೇಲೊಂದು ಬುಟ್ಟಿ ಮುಚ್ಚುತ್ತಾರೆ. ಬೆಳಗ್ಗೆ ತೆಗೆದು ನೋಡಿದರೆ, ಹೋದ ಜೀವ ಮುಂದೆ ಯಾವ ಜನ್ಮಕ್ಕೆ ಹೋಗುವುದೋ ಅದರ ಗುರುತು ಹಿಟ್ಟಿನಲ್ಲಿ ಮೂಡಿರುತ್ತದೆ ಎನ್ನುತ್ತಾರೆ. ಹಕ್ಕಿಯಾದರೆ ಹಕ್ಕಿಯ ಕಾಲು, ಹಾವಾದರೆ ಹರಿದ ಗೆರೆ. ಮುತ್ತವ್ವನ ಹಿಟ್ಟಿನಲ್ಲಿ ಆಯಿಗೆ ಕೂಸಿನ ಪಾದ ಕಂಡಿತು. ಅಪ್ಪ ಅದನ್ನು ನೋಡಿ ಇಲಿ ಓಡಾಡಿದೆ ಎಂದನಂತೆ. ಅವ್ವ ಆಗ ಬಸುರಿ. ಅವಳ ಹೊಟ್ಟೆಯಲ್ಲಿ ನಾನಿದ್ದೆ.

ಹುಟ್ಟಿದ ನಾನು ಹೆಣ್ಣು. ಅಷ್ಟಕ್ಕೇ ಬಿಟ್ಟಿದ್ದರೆ ಏನೋ ಆಗುತ್ತಿತ್ತು. ಕೂತು ಉಣ್ಣುವ ಹೊತ್ತಿಗೆ ಬಟ್ಟಲಿಗೆ ಎಡಗೈ ಚಾಚಿದೆನಂತೆ. ಆಯಿ ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡಳು ಎಂದು ಅವ್ವ ಹೇಳುತ್ತಿದ್ದಳು.

“ಬಂದ್ರೇನ್ರಿ ಅತ್ತಿ? ಬರ್ರಿ. ಎಲ್ಲಿಗಿ ಹೋಗ್ತೀರಂತ ನಾನೂ ನೋಡ್ತಿದ್ದೆ.”

‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ಆ ಗಾದೆಯ ಎರಡನೇ ಅರ್ಧ ನನ್ನ ಮೈಮೇಲೆ ನಡೆಯಿತು. ಮುತ್ತವ್ವನ ಮಣೆಯ ಮೇಲೆ ನನ್ನನ್ನೇ ಕೂಡಿಸುತ್ತಿದ್ದಳು. ನನಗಿಂತ ಮೊದಲು ಆಯಿ ಉಣ್ಣುತ್ತಿರಲಿಲ್ಲ, ಎಷ್ಟಾದರೂ ಅತ್ತೆಯಲ್ಲವೇ. ಆದರೆ ತಾಟಿನಲ್ಲಿ ನಿನ್ನೆಯ ರೊಟ್ಟಿ, ಬರೀ ರೊಟ್ಟಿ. ಅದನ್ನು ಎರಡೂ ಕೈಯಿಂದ ಮರ್ಯಾದೆಯಿಂದ ಮುಂದಿಟ್ಟು, ಎದುರಿಗೆ ಕೂತು, ನಾನು ಅಗಿಯುವುದನ್ನು ನೋಡುತ್ತಿದ್ದಳು. ಗಂಟಲಲ್ಲಿ ಸಿಕ್ಕಿಕೊಂಡು ನಾನು ನೀರು ಕೇಳಿದರೆ, “ಮಾಡಿದ್ದುಣ್ಣೋ ಮಹಾರಾಯ ಅಂತ ಸುಮ್ಮ ಅಂದಾರೇನ್ರಿ?” ಎಂದು ಬಾಯಿತುಂಬ ನಗುತ್ತಿದ್ದಳು. ಪಕ್ಕದಲ್ಲೇ ಅಪ್ಪನ ತಾಟಿನಲ್ಲಿ ಬಿಸಿ ರೊಟ್ಟಿ, ಪುಂಡಿಪಲ್ಯ, ಬೆಣ್ಣೆ. ಅಪ್ಪ ತಲೆ ತಗ್ಗಿಸಿ ಉಣ್ಣುತ್ತಿದ್ದ. ಆಯಿ ಆಚೆ ಹೋದಾಗ ಒಂದು ತುತ್ತು ನನ್ನ ಬಾಯಿಗೆ ತುರುಕುತ್ತಿದ್ದ. ಅದನ್ನು ಪ್ರೀತಿ ಎಂದು ನಾನು ಬಹಳ ವರ್ಷ ನಂಬಿದ್ದೆ. ಈಗ ಹೇಡಿತನ ಎನ್ನುತ್ತೇನೆ. ತಾಯಿಯ ಕೈ ಹಿಡಿಯಲಾರದ ಗಂಡಸು ಮಗಳ ಬಾಯಿಗೆ ತುತ್ತು ಇಟ್ಟರೆ ಯಾರಿಗೆ ಬೇಕು?

ಅವ್ವನ ಸುದ್ದಿ ಬೇರೆ. ನಾನು ಬರುವ ಮುಂಚೆ ಆಯಿಯ ಕೈಗೆ ಸಿಕ್ಕಿದ್ದವಳು ಅವಳೇ. ಸೊಸೆಯಾಗಿ ತಿಂದದ್ದನ್ನು ಆಯಿ ಆಗ ಸೊಸೆಗೇ ಬಡಿಸುತ್ತಿದ್ದಳು. ನಾನು ಸಿಕ್ಕಮೇಲೆ ಅವ್ವನನ್ನು ಬಿಟ್ಟಳು. ಕಳ್ಳಿಯೇ ಕೈಗೆ ಸಿಕ್ಕಿದ ಮೇಲೆ ನೆರೆಮನೆಯವರನ್ನು ಯಾರು ಹುಡುಕುತ್ತಾರೆ? ಅವ್ವ ಒಲೆಯ ಮುಂದೆ ಬೆನ್ನು ತಿರುಗಿಸಿ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಅತ್ತಾಗ ಬಡಿಯುವ ಸದ್ದು ಜೋರಾಗುತ್ತಿತ್ತು. ಆ ಬೆನ್ನನ್ನು ನೋಡಿ ನೋಡಿಯೇ ನಾನು ದೊಡ್ಡವಳಾದೆ.

ಆ ದಿನಗಳಲ್ಲೇ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ್ದು. ಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ ಲಾಡು ಹಂಚಿದರು. ಅಪ್ಪ ತಹಸೀಲ ಕಚೇರಿಯಲ್ಲಿ ಗುಮಾಸ್ತ. ಉರ್ದುವಿನಲ್ಲಿ ಮುತ್ತು ಪೋಣಿಸಿದಂತೆ ಬರೆಯುವವನು, ಇನ್ನು ಎಲ್ಲ ಕನ್ನಡದಲ್ಲೇ ಎಂದ ಕೂಡಲೇ ಕಂಗಾಲಾದ. ನನ್ನ ಪಾಟಿ ತೆಗೆದುಕೊಂಡು ನನ್ನ ಜೊತೆಗೇ ಕೂತು ಒತ್ತಕ್ಷರ ತಿದ್ದುತ್ತಿದ್ದ. ಒಂದು ದಿನ ಅವನಿಗೆ ಎಲ್ಲಿಂದಲೋ ಧೈರ್ಯ ಬಂತು. ಮಠದ ಅಯ್ಯನವರನ್ನು ಊಟಕ್ಕೆ ಕರೆದು, ಪಡಸಾಲೆಯಲ್ಲಿ ಕೂಡಿಸಿ, ಆಯಿಗೆ ನಾಲ್ಕು ಮಾತು ಹೇಳಿರೆಂದು ಕೈಮುಗಿದ. ಅಯ್ಯನವರು ಸಾಧು ಮನುಷ್ಯ.

“ತಾಯಿ, ಲಿಂಗ ಕಟ್ಟಿಕೊಂಡವರಿಗಿ ಮರುಹುಟ್ಟು ಇಲ್ಲ. ನಿಮ್ಮತ್ತಿ ಬಯಲಾಗ್ಯಾರ. ನೀರಾಗ ಹನಿ ಬಿದ್ದಮ್ಯಾಲ ಹನಿ ಎಲ್ಲದ ಅಂತ ಹುಡುಕತೀರಿ? ಈ ಕೂಸಿಗಿ ಯಾಕ ಕಾಡ್ತೀರಿ?”

ಆಯಿ ಬಾಗಿಲ ಸಂದಿಯಲ್ಲಿ ಸೆರಗು ಹೊದ್ದು ನಿಂತಿದ್ದಳು.

“ಅಯ್ಯನೋರೆ, ನಿಮ್ಮ ಪಾದಕ್ಕ ಶರಣು. ಹನಿ ಹೋತಂತೀರಿ. ಆಕಿ ಸುಟ್ಟಿದ್ದು ಇನ್ನೂ ನನ್ನ ಮೈಮ್ಯಾಲ ಅದ. ಅದ್ಯಾಕ ಬಯಲಾಗಲಿಲ್ಲ?” ಎಂದು ತೋಳು ಚಾಚಿದಳು. ಆಮೇಲೆ ಅಪ್ಪನ ಕಡೆ ತಿರುಗಿ, “ನಿನ್ನೆ ತನಕ ಹೈದರಾಬಾದ ಇತ್ತು. ಸತ್ತು ಇವತ್ತು ಮೈಸೂರಾಗಿ ಹುಟ್ಟ್ಯಾದ ಅಂತ ನಿಮ್ಮ ಸರ್ಕಾರನೇ ಲಾಡು ಹಂಚ್ತದ. ಕಚೇರಿ ಅದೇ, ಕುರ್ಚಿ ಅದೇ, ಅದರಾಗ ಕೂತು ಬೈಯೋನೂ ಅವನೇ. ಹೆಸರು ಬದಲಾತು ಅಷ್ಟೇ. ನಿಮಗ ಅದು ಖರೆ, ನಾ ಹೇಳೋದು ಸುಳ್ಳು, ಹೌದಿಲ್ಲೋ?” ಎಂದಳು.

ಅಯ್ಯನವರಿಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ತಪ್ಪಾಯಿತು. ಅಪ್ಪನೂ ನಕ್ಕುಬಿಟ್ಟ. ಆಯಿ ಗೆದ್ದಳು. ಅಯ್ಯನವರು ಹುಗ್ಗಿ ಉಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಹೋದರು. ಅವರ ಜೊತೆ ನನ್ನ ಪಾಲಿನ ಧರ್ಮವೂ ಹೊಸ್ತಿಲು ದಾಟಿ ಹೋಯಿತು.

ಅದಾದ ಕೆಲವು ದಿನಕ್ಕೆ ಅಪ್ಪ ಕಚೇರಿ ಕೆಲಸದ ಮೇಲೆ ಬೀದರಕ್ಕೆ ಹೋದ. ಅಂದು ಮಧ್ಯಾಹ್ನ ನಾನು ಪಾಟಿಯ ಮೇಲೆ ಎಡಗೈಯಿಂದ ನನ್ನ ಹೆಸರು ಬರೆಯುತ್ತಿದ್ದೆ. ಚಂದ್ರಕಲಾ ಎಂದು ಬರೆದು, ಆಯಿ ಓದಲಾರಳು ಎಂಬುದು ಗೊತ್ತಿದ್ದೂ ಅವಳಿಗೆ ತೋರಿಸಿ, “ಇದು ನಾ” ಎಂದೆ. ಆಯಿ ಪಾಟಿಯನ್ನು ನೋಡಲಿಲ್ಲ. ಬಳಪ ಹಿಡಿದ ಕೈಯನ್ನು ನೋಡಿದಳು. ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಸ್ವಲ್ಪ ಹೊತ್ತಿನ ಮೇಲೆ ಕರೆದಳು. ನಾನು ಹೋದೆ. ಹೆಸರು ತೋರಿಸಿದ್ದಕ್ಕೆ ಕರೆದಿದ್ದಾಳೆ ಎಂದುಕೊಂಡೇ ಹೋದೆ, ದಡ್ಡಿ. ಮಣೆಯ ಮೇಲೆ ಕೂಡಿಸಿದಳು. ತನ್ನ ತೋಳಿನ ಕಲೆ ತೋರಿಸಿದಳು.

“ಇದು ನಿಮ್ಮದ್ರಿ ಅತ್ತಿ. ಹುಟ್ಟಗುಣ ಸುಟ್ಟರೂ ಹೋಗಂಗಿಲ್ಲ ಅಂತಾರ. ನೋಡೇ ಬಿಡೋಣ್ರಿ.”

ಸೌಟು ಕೆಂಪಗಿರಲಿಲ್ಲ. ಕೆಂಪಗಿದ್ದರೆ ಓಡುತ್ತಿದ್ದೆನೇನೋ. ಎಡಗೈಯ ಅಂಗೈ ಬಿಡಿಸಿ, ಅದರ ಮೇಲೆ ಕಾದ ಸೌಟು ಒತ್ತಿ ಹಿಡಿದಳು. ನನಗೆ ನೆನಪಿರುವುದು ಉರಿಯಲ್ಲ, ರೊಟ್ಟಿ ಬಡಿಯುವ ಸದ್ದು ನಿಂತದ್ದು. ಅವ್ವ ತಿರುಗಿ ನೋಡಿದಳು. ಹಿಟ್ಟಿನ ಕೈ ಹಾಗೇ ಮೇಲೆತ್ತಿಕೊಂಡು ನೋಡಿದಳು. ಏಳಲಿಲ್ಲ. ನನ್ನ ಚೀರಾಟಕ್ಕೆ ಓಡಿ ಬಂದದ್ದು ಗೋಡೆಯಾಚೆಯ ರಹಮತ್ ಖಾಲಾ.

“ಯಾ ಅಲ್ಲಾ! ಅಮ್ಮಾ, ಇದು ಕೂಸು ಅದ, ಕೂಸು! ಬಾ ಬೇಟಾ, ಬಾ.”

ಖಾಲಾ ನನ್ನನ್ನು ಎತ್ತಿಕೊಂಡು ಹೋಗಿ ಲೋಳಿಸರದ ಲೋಳೆ ಹಚ್ಚಿ ಊದುತ್ತ ಕೂತಳು. ನಾನು ಅಳುತ್ತಲೇ, ಸತ್ತಮೇಲೆ ನಿಮ್ಮವರು ಎಲ್ಲಿ ಹೋಗುತ್ತಾರೆ ಎಂದು ಕೇಳಿದೆ. ಎಲ್ಲೂ ಹೋಗುವುದಿಲ್ಲ, ಮಣ್ಣಿನಲ್ಲೇ ಇರುತ್ತಾರೆ ಎಂದಳು ಖಾಲಾ. ಅಲ್ಲಿಗೆ ಇಬ್ಬರು ಫರಿಶ್ತೆಗಳು, ಅಂದರೆ ದೇವದೂತರು ಬಂದು, ಎಬ್ಬಿಸಿ ಕೂಡಿಸಿ, ನಿನ್ನ ದೇವರು ಯಾರು, ನಿನ್ನ ಧರ್ಮ ಯಾವುದು ಎಂದು ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ಕೇಳುತ್ತಾರೆ, ಒಬ್ಬರದನ್ನು ಇನ್ನೊಬ್ಬರು ಹೇಳಲಿಕ್ಕೆ ಬರುವುದಿಲ್ಲ ಎಂದಳು. ನನಗೆ ಅದು ಬಹಳ ಹಿಡಿಸಿತು. ಒಬ್ಬರದನ್ನು ಇನ್ನೊಬ್ಬರು ಹೇಳುವ ಹಾಗಿಲ್ಲ. ನಾನು ಸತ್ತರೆ ನಮ್ಮವರು ಮಣ್ಣು ಕೊಟ್ಟಲ್ಲಿಗೂ ಆ ಇಬ್ಬರು ಬಂದರೆ ಎಷ್ಟು ಚೆನ್ನಾಗಿತ್ತು ಎಂದುಕೊಂಡೆ.

ಬೀದರದಿಂದ ಬಂದ ಅಪ್ಪ ನನ್ನ ಕೈ ನೋಡಿ ಗೋಡೆಗೆ ಹಣೆ ಚಚ್ಚಿಕೊಂಡ. ಮರುದಿನವೇ ನನ್ನನ್ನು ಬೀದರಕ್ಕೆ ಕರೆದುಕೊಂಡು ಹೋಗಿ, ಮೈಲೂರಿನಲ್ಲಿದ್ದ ಅವ್ವನ ತಂಗಿಯ ಮನೆಯಲ್ಲಿ ಬಿಟ್ಟ. ಅಯ್ಯೋ, ಆ ದಿನಗಳು! ಚಿಗವ್ವ ನನ್ನನ್ನು ಚಂದ್ರಾ ಎಂದು ಕರೆಯುತ್ತಿದ್ದಳು, ಸಿಟ್ಟು ಬಂದರೆ ಚಂದ್ರಿ. ನೀರು ತಾ ಚಂದ್ರಾ, ಬಾಗಿಲು ಹಾಕ ಚಂದ್ರಾ, ಹೇನು ನೋಡ್ತೇನಿ ಬಾ ಚಂದ್ರಾ. ಕೇಳಿಸಿದರೂ ಕೇಳಿಸದವಳಂತೆ ಕೂತು ಎರಡೆರಡು ಸಲ ಕರೆಸಿಕೊಳ್ಳುತ್ತಿದ್ದೆ. ಕೈಯ ಕಟ್ಟು ಬಿಚ್ಚಿದ ಮೇಲೆ ಎಡಗೈಯಲ್ಲೇ ಉಂಡೆ. “ಎಡಚಿ, ನಿನ್ನ ಗಂಡ ನಿನಗ ಎದುರಿಗಿ ಕೂತು ಉಣಬೇಕಾಗ್ತದ ನೋಡ” ಎಂದು ಚಿಗವ್ವ ನಕ್ಕಳೇ ಹೊರತು ಕೈ ಹಿಡಿಯಲಿಲ್ಲ. ಬಿಸಿ ರೊಟ್ಟಿಯ ಮೇಲೆ ಬೆಣ್ಣೆ ಕರಗುವುದನ್ನು ನೋಡುತ್ತ ಕೂತುಬಿಡುತ್ತಿದ್ದೆ. ಮುತ್ತವ್ವ ಎಂಬ ಹೆಂಗಸನ್ನು ನಾನು ಕಂಡೇ ಇಲ್ಲವಲ್ಲ ಎಂದು ನನಗೆ ಮೊದಲು ಹೊಳೆದದ್ದು ಆ ಮನೆಯಲ್ಲಿ.

ಒಂದು ದಿನ ಅಪ್ಪ ಬಂದ. ಚಿಗವ್ವನ ಮುಂದೆ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

“ನಮ್ಮವ್ವ ಉಣ್ಣವಲ್ಲಳು. ಅತ್ತಿ ಇಲ್ಲದ ಮನ್ಯಾಗ ನಾ ಹ್ಯಾಂಗ ಉಣ್ಲಿ ಅಂತಾಳ. ಬರೀ ನೀರು ಕುಡದು ಬಿದ್ದಾಳ. ಸತ್ತಗಿತ್ತಳಂದ್ರ ಊರಾಗ ನನ್ನ ಮುಖಕ್ಕ ಉಗುಳ್ತಾರ.”

“ಕೂಸಿನ ಕೈ ನೋಡೀರೇನ್ರಿ ಭಾವಾ ನೀವು?” ಎಂದಳು ಚಿಗವ್ವ.

ಅಪ್ಪ ನೋಡಲಿಲ್ಲ. ನನ್ನ ಬಲಗೈ ಹಿಡಿದುಕೊಂಡು ಎದ್ದ. ಅದಕ್ಕಾಗಿ ಅವನನ್ನು ನಾನು ಇವತ್ತಿನವರೆಗೂ ಕ್ಷಮಿಸಿಲ್ಲ, ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುವವರು ಎನ್ನಲಿ.

ಹೊಸ್ತಿಲಲ್ಲಿ ಆಯಿ ತಂಬಿಗೆ ಹಿಡಿದು ನಿಂತಿದ್ದಳು. ಕಣ್ಣು ಒಳಗೆ ಹೋಗಿದ್ದವು, ಕುಪ್ಪಸ ತೋಳಿನಲ್ಲಿ ಜೋಲುತ್ತಿತ್ತು. ಬಗ್ಗಿ ನನ್ನ ಕಾಲಿಗೆ ನೀರು ಹಾಕಿ, ಸೆರಗಿನಿಂದ ಒರೆಸಿದಳು. ಅವಳು ಅಳುತ್ತಿದ್ದಳು, ಅದು ನಾಟಕವಾಗಿರಲಿಲ್ಲ.

“ಬರ್ರಿ ಅತ್ತಿ. ನೀವಿಲ್ಲದ ಮನಿ ಮನಿ ಅನಸಲಿಲ್ಲ.”

ಒಳಗೆ ಕರೆದುಕೊಂಡು ಹೋಗಿ ಮಣೆಯ ಮೇಲೆ ಕೂಡಿಸಿ, ನಿನ್ನೆಯ ರೊಟ್ಟಿ ಮುಂದಿಟ್ಟಳು. ತಾನೂ ಎದುರಿಗೆ ಕೂತು ಬಿಸಿ ರೊಟ್ಟಿ ಮುರಿದು, ಎಷ್ಟೋ ದಿನದ ಹಸಿವಿನಿಂದ ಗಬಗಬ ಉಂಡಳು. ನಾನು ಬಲಗೈಯಿಂದ ಉಣ್ಣುವುದನ್ನು ಅಂದು ಕಲಿತೆ. ಈಗಲೂ ಬಲಗೈಯಲ್ಲೇ ಬರೆಯುತ್ತೇನೆ, ಉಣ್ಣುತ್ತೇನೆ. ಅಕ್ಷರ ದುಂಡಗಿದೆ ಎಂದು ಹೊಗಳುತ್ತಾರೆ. ಆದರೆ ಹಾವು ಕಂಡರೆ, ಮಗು ಬೀಳುವುದು ಕಂಡರೆ, ಮೊದಲು ಮುಂದೆ ಹೋಗುವುದು ಎಡಗೈ. ಹುಟ್ಟಗುಣದ ವಿಷಯದಲ್ಲಿ ಗಾದೆಯೇ ಗೆದ್ದಿತು.

ಮುಂದೆ ಮೂರ್ನಾಲ್ಕು ವರ್ಷ ಹೀಗೇ ನಡೆಯಿತು. ಆಯಿ ಜಡ್ಡಾಗಿ ಹಾಸಿಗೆ ಹಿಡಿದಾಗ ಅವ್ವ ಮತ್ತೆ ಬಸುರಿ, ದಿನ ತುಂಬಿದ್ದಳು. ನನ್ನ ಮತ್ತು ಆ ಬಸುರಿನ ನಡುವೆ ಎರಡು ಕೂಸು ಉಳಿದಿರಲಿಲ್ಲ. ಆಯಿಯ ಮೈ ಬಾತು, ಕಾಲು ಕಂಬದಂತಾಗಿದ್ದವು. ಪಡಸಾಲೆಯಲ್ಲಿ ಬೀಸುವ ಕಲ್ಲಿನ ಪಕ್ಕ ಹಾಸಿಗೆ. ನಾನು ಹತ್ತಿರ ಕೂರಬೇಕು, ಬೇರೆ ಯಾರು ನೀರು ಕೊಟ್ಟರೂ ಕುಡಿಯುವುದಿಲ್ಲ. ಒಂದು ಮಧ್ಯಾಹ್ನ ಉಸಿರು ಹೆಚ್ಚುಕಡಿಮೆಯಾಗತೊಡಗಿತು. ಅಪ್ಪ ಅಯ್ಯನವರನ್ನು ಕರೆತರಲು ಮಠಕ್ಕೆ ಓಡಿದ. ಅವ್ವ ಒಳಗೆ ಗೋಡೆಗೊರಗಿ ಕೂತಿದ್ದಳು. ಆಯಿ ಕಣ್ಣು ಬಿಟ್ಟು ನನ್ನನ್ನು ನೋಡಿ, ಬಿದ್ದಲ್ಲೇ ಸೆರಗಿಗಾಗಿ ಕೈಯಾಡಿಸಿದಳು. ಸಿಗಲಿಲ್ಲ.

“ಅತ್ತಿ, ಒಂದು ಮಾತು ಕೇಳ್ತೇನಿ. ಖರೆ ಹೇಳ್ರಿ.”

ನಾನು ತಂಬಿಗೆ ಕೆಳಗಿಟ್ಟು ಹತ್ತಿರ ಬಗ್ಗಿದೆ.

“ನಮ್ಮವ್ವ ತೀರಿದಾಗ ನನಗ ಔರಾದಕ್ಕ ಯಾಕ ಕಳಸಲಿಲ್ಲ? ಗಾಡಿ ಇತ್ತು, ಎತ್ತಿದ್ದವು. ಮುಖ ನೋಡಿ ಸಂಜೀಕ ಬರ್ತಿದ್ದೆ. ಯಾಕ ಕಳಸಲಿಲ್ರಿ?”

ಇಷ್ಟೂ ವರ್ಷ ನನ್ನನ್ನು ಮಣೆಯ ಮೇಲೆ ಕೂಡಿಸಿದ್ದು, ಉಪವಾಸ ಬಿದ್ದು ಬೀದರದಿಂದ ತರಿಸಿಕೊಂಡದ್ದು, ಈ ಒಂದು ಮಾತು ಕೇಳುವುದಕ್ಕೆ ಎಂದು ನನಗೆ ಅರ್ಥವಾಯಿತು. ಉತ್ತರ ಕೊಡುವುದು ಕಷ್ಟವೇನಿರಲಿಲ್ಲ. ತಪ್ಪಾಯಿತು, ಈಗ ಹೋಗಿ ಬಾ ಎಂದರೆ ಸಾಕು, ಅವಳು ಸುಖವಾಗಿ ಹೋಗುತ್ತಿದ್ದಳು. ಆದರೆ ಹಾಗೆಂದರೆ ನಾನು ಮುತ್ತವ್ವನೇ ಎಂದು ನನ್ನ ಬಾಯಿಂದಲೇ ಒಪ್ಪಿದಂತೆ. ಮತ್ತೆ ಅಲ್ಲ ಎನ್ನುವುದಕ್ಕೆ ಅವಳಾದರೂ ಎಲ್ಲಿ ಸಿಗುತ್ತಾಳೆ? ನನಗೂ ಇನ್ನೊಂದು ಅವಕಾಶ ಇರಲಿಲ್ಲ.

“ನಾ ನಿನ್ನ ಅತ್ತಿ ಅಲ್ಲ ಆಯಿ. ನಿನ್ನ ಅತ್ತಿ ಸತ್ತು ಹೋಗ್ಯಾಳ. ಎಲ್ಲೂ ಇಲ್ಲ ಆಕಿ, ಬಯಲಾಗ್ಯಾಳ. ನಾ ಚಂದ್ರಕಲಾ. ನಿನ್ನ ಮಗನ ಮಗಳು.”

ಆಯಿ ನನ್ನನ್ನೇ ನೋಡಿದಳು. ನೊಣ ಅವಳ ತುಟಿಯ ಮೇಲೆ ಕೂತಿತ್ತು, ನಾನು ಓಡಿಸಲಿಲ್ಲ.

“ಚಂದ್ರಾ?” ಎಂದಳು.

“ಹೂಂ, ಆಯಿ.”

“ಹಂಗಾದ್ರ ಇಷ್ಟು ದಿನ ನಾ ಹೊಡದದ್ದು ಯಾರಿಗಿ?”

ಅವಳ ಊದಿದ ಕೈ ಬಂದು ನನ್ನ ಎಡಗೈ ಹಿಡಿಯಿತು. ಬೆರಳು ಒಂದೊಂದಾಗಿ ಬಿಡಿಸಿ ಅಂಗೈ ನೋಡಿದಳು. ನಡುವಿನ ಚರ್ಮ ಮಿರಿಮಿರಿ ಮಿಂಚುತ್ತಿತ್ತು, ಅಲ್ಲಿ ಗೆರೆಗಳು ಅಳಿಸಿಹೋಗಿದ್ದವು. ನೋಡುತ್ತ ನೋಡುತ್ತ ಅವಳ ಬಾಯಿ ಅದುರಿತು. ಅಂಥ ಹೆದರಿಕೆಯನ್ನು ನಾನು ಆಮೇಲೆ ಯಾವ ಮುಖದಲ್ಲೂ ಕಂಡಿಲ್ಲ. ಒಂದೇ ಕ್ಷಣ. ಆಮೇಲೆ ನನ್ನ ಬೆರಳುಗಳನ್ನು ಕಲೆಯ ಮೇಲೆ ತಾನೇ ಮಡಿಸಿ ಮುಚ್ಚಿ, ಕೈಯನ್ನು ದೂಡಿದಳು.

“ಸುಳ್ಳು ಹೇಳ್ತೀರಿ ಅತ್ತಿ. ಮೊದಲಿಂದೂ ನೀವು ಸುಳ್ಳೇ.”

ಗೋಡೆಯ ಕಡೆ ಮುಖ ತಿರುಗಿಸಿದಳು. ಅಯ್ಯನವರು ಬಂದು ಕಿವಿಯಲ್ಲಿ ಮಂತ್ರ ಹೇಳುವಾಗಲೂ ಈ ಕಡೆ ತಿರುಗಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಮುಗಿದಿತ್ತು. ನನ್ನ ಹೆಸರು ಅವಳ ಬಾಯಿಂದ ಬಂದಿತ್ತು, ಬಂದು ಹಿಂದಕ್ಕೂ ಹೋಗಿತ್ತು. ಅವಳನ್ನು ದೂರಿ ಏನು ಮಾಡಲಿ? ನಾನು ಚಂದ್ರಕಲಾ ಆದರೆ ಅವಳು ಏನಾಗುತ್ತಾಳೆ ಎಂಬುದು ಅವಳಿಗೆ ಕಂಡುಬಿಟ್ಟಿತ್ತು.

ಆಯಿಯನ್ನೂ ಕೂಡಿಸಿಯೇ ಮಣ್ಣು ಕೊಟ್ಟರು. ಬಯಲಾದಳು ಎಂದರು ಅಯ್ಯನವರು. ಅಪ್ಪ ಸ್ನಾನ ಮಾಡಿ, ತಲೆಯ ಮೇಲಿನ ಭಾರ ಇಳಿದವನಂತೆ ಪಡಸಾಲೆಯಲ್ಲಿ ಮಲಗಿಬಿಟ್ಟ. ಅವ್ವ ಮಾತ್ರ ಕೂರಲಿಲ್ಲ. ತುಂಬಿದ ಹೊಟ್ಟೆ ಹೊತ್ತುಕೊಂಡು ಜರಡಿ ತಂದಳು, ಜೋಳದ ಹಿಟ್ಟು ತಂದಳು. ಆಯಿಯ ಹಾಸಿಗೆಯಿದ್ದ ಜಾಗದಲ್ಲಿ ಮೊಣಕಾಲೂರಿ ಏದುಸಿರು ಬಿಡುತ್ತ ಹಿಟ್ಟು ಹರವಿ, ದೀಪ ಇಟ್ಟು, ಬುಟ್ಟಿ ಮುಚ್ಚಿದಳು. ನಾನು ಬೇಡ ಎಂದೆ. “ನಿನಗೇನು ತಿಳೀತದ, ಸುಮ್ಮ ಕೂಡು” ಎಂದಳು.

ಬೆಳಗ್ಗೆ ಓಣಿಯ ನಾಲ್ಕು ಹೆಂಗಸರು ಬಂದು ಕೂಡಿದರು. ಅವ್ವ ಬುಟ್ಟಿ ಎತ್ತಿದಳು. ಹಿಟ್ಟಿನ ಮೇಲೆ ಏನೋ ಒಂದಿಷ್ಟು ಕದಡಿತ್ತು. ಜಿರಳೆಯೋ, ಗಾಳಿಯೋ, ದೀಪದ ಕಪ್ಪು ಉದುರಿದ್ದೋ. ಒಬ್ಬಾಕೆ ತಲೆ ಓರೆ ಮಾಡಿ ನೋಡಿ, “ಏನ ಹೇಳ್ರೆವ್ವಾ, ಇದು ಕೂಸಿನ ಪಾದ ಇದ್ದಂಗ ಕಾಣ್ತದ” ಎಂದಳು. ಎಲ್ಲರ ಕಣ್ಣೂ ಅವ್ವನ ಹೊಟ್ಟೆಯ ಮೇಲೆ ಹೋದವು. ಅವ್ವ ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಳು. ಆ ಮನೆಗೆ ಬಂದಾಗಿನಿಂದ ಒಲೆಯ ಕಡೆಗೇ ಇದ್ದ ಅವಳ ಮುಖ ಅಂದು ನನಗೆ ಪೂರಾ ಕಂಡಿತು. ಅವಳು ನಗುತ್ತಿದ್ದಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು.

“ಬರ್ರಿ ಅತ್ತಿ. ನನ್ನ ಹೊಟ್ಟ್ಯಾಗೇ ಬರ್ರಿ. ನನ್ನ ಮಗಳ ಕೈ ಸುಟ್ಟೀರಿ, ನಾ ಮರ್ತಿಲ್ಲ. ಬರ್ರಿ, ಸವಟು ಅಲ್ಲೇ ಅದ.”

ಒಳಗಿದ್ದ ಕೂಸು ಇನ್ನೂ ಬೆಳಕನ್ನೇ ಕಂಡಿರಲಿಲ್ಲ. ಅದರ ಮಣೆ ಆಗಲೇ ಹಾಕಿ ಆಗಿತ್ತು. ನಾನು ಹೆಂಗಸರ ನಡುವೆ ನುಗ್ಗಿ ಕೂತು, ಎಡಗೈಯ ಬೆರಳು ಅಗಲಿಸಿ, ಸುಟ್ಟ ಅಂಗೈಯನ್ನು ಹಿಟ್ಟಿನ ನಟ್ಟನಡುವೆ ಒತ್ತಿದೆ. ಒತ್ತಿ, ಆ ಕಡೆ ಈ ಕಡೆ ಬಳಿದು, ಮತ್ತೆ ಒತ್ತಿದೆ. ಅಲ್ಲಿ ಯಾವ ಪಾದವೂ ಉಳಿಯಲಿಲ್ಲ. ನನ್ನ ಐದು ಬೆರಳು, ನಡುವೆ ನುಣ್ಣಗಿನ ಕಲೆ.

“ಇದು ನಂದು. ನೋಡ್ರಿ ಎಲ್ಲಾರೂ. ಬ್ಯಾರೆ ಯಾರೂ ಬಂದಿಲ್ಲ.”

ಹೆಂಗಸರು ಶಿವಶಿವಾ ಎಂದು ಹಿಂದೆ ಸರಿದರು. ಅವ್ವ ಎದ್ದವಳೇ ನನ್ನ ಕಪಾಳಕ್ಕೆ ಬಿಗಿದಳು. ಕಿವಿ ಗುಂಯ್ ಎಂದಿತು, ಹಲ್ಲಿಗೆ ತಾಗಿ ತುಟಿ ಒಡೆಯಿತು.

“ಚಂದ್ರಿ! ಹಡಬಿಟ್ಟಿ, ಏನ ಮಾಡಿದಿ ನೀ?”

ನಾನು ಅಳಲಿಲ್ಲ. ಹಿಟ್ಟು ಮೆತ್ತಿದ ಕೈಯಿಂದ ಕೆನ್ನೆ ಮುಟ್ಟಿ ನೋಡಿಕೊಂಡೆ. ಆ ಮನೆಯಲ್ಲಿ ಅಲ್ಲಿಯವರೆಗೆ ಬಿದ್ದ ಏಟುಗಳೆಲ್ಲ ಮುತ್ತವ್ವನವು. ನನ್ನ ಹೆಸರು ಹಿಡಿದು, ನಾನು ಮಾಡಿದ್ದಕ್ಕೆ, ನನಗೇ ಬಿದ್ದ ಏಟು ಅದೇ ಮೊದಲು.